ಇಲಿಯ ಹೊಟ್ಟೆಯಲ್ಲಿ ಇನ್ನೊಂದು ಹೃದಯ

ಕೇಳುಗರೆಲ್ಲರಿಗೂ ನಮಸ್ಕಾರ. ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಆದವರು ಯಾರಾದ್ರೂ ನಿಮಗೆ ಗೊತ್ತಿದ್ರೆ ಅವರ ಮಾತ್ರೆ ಡಬ್ಬಿ ನೋಡಿರ್ತೀರ. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ಟೀರಾಯ್ಡ್, ಬೆಳಿಗ್ಗೆ ಸಂಜೆ ಟೈಮ್ ತಪ್ಪೋ ಹಾಗಿಲ್ಲ, ಅದೂ ಜೀವ ಇರೋವರೆಗೂ. ಬೇರೆಯವರ ಹೃದಯಾನ ನಮ್ಮ ದೇಹ ತನ್ನದಲ್ಲ ಅಂತ ಗುರುತು ಹಿಡಿದು ಅದರ ಮೇಲೆ ದಾಳಿ ಮಾಡುತ್ತೆ, ಆ ದಾಳಿ ತಡೆಯೋಕೆ ಈ ಮಾತ್ರೆಗಳು. ಆದ್ರೆ ಇವು ತಡೆಯೋದು ಅದೊಂದನ್ನೇ ಅಲ್ಲ, ಇಡೀ ರೋಗನಿರೋಧಕ ಶಕ್ತೀನೇ ತಗ್ಗಿಸಿಬಿಡ್ತವೆ, ಅದಕ್ಕೇ ಪದೇ ಪದೇ ಇನ್‌ಫೆಕ್ಷನ್ನು, ಚರ್ಮದ ಕ್ಯಾನ್ಸರ್ ಭಯ, ಜೊತೆಗೆ ಕೆಲವು ಔಷಧಿಗಳಿಂದ ಕಿಡ್ನಿಗೂ ಪೆಟ್ಟು.

ಹೊಸ ಹೃದಯ ಒಂದನ್ನ ಮಾತ್ರ ಬಿಟ್ಬಿಡು, ಮಿಕ್ಕಿದ್ದರ ಮೇಲೆಲ್ಲಾ ಹೋರಾಡು ಅಂತ ದೇಹಕ್ಕೆ ಕಲಿಸೋಕಾಗುತ್ತಾ? ಇದನ್ನೇ ಟಾಲರೆನ್ಸ್ ಅನ್ನೋದು. ಲ್ಯಾಬಿನ ಇಲಿಗಳಲ್ಲಿ ಇದು ಆಗುತ್ತೆ, ಹಲವಾರು ಸಲ ಮಾಡಿ ತೋರಿಸಿದಾರೆ.

ಮೊದಲು ಆಪರೇಷನ್ ಬಗ್ಗೆ ಹೇಳ್ಬೇಕು, ಯಾಕಂದ್ರೆ ಅದೇ ಒಂದು ಅದ್ಭುತ. 1969ರಲ್ಲಿ ಓನೊ ಮತ್ತು ಲಿಂಡ್ಸೆ ಅನ್ನೋರು ಪ್ರಕಟಿಸಿದ ವಿಧಾನವನ್ನ ಇವತ್ತಿಗೂ ಬಳಸ್ತಾರೆ. ಇಲಿಯ ಸ್ವಂತ ಹೃದಯ ಎದೆಯಲ್ಲಿ ಹಾಗೇ ಇರುತ್ತೆ, ಇನ್ನೊಂದು ಇಲಿಯ ಹೃದಯಾನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳಗಳಿಗೆ ಮೈಕ್ರೋಸ್ಕೋಪ್ ಕೆಳಗೆ ಹೊಲೀತಾರೆ. ಸುಮಾರು ಒಂದು ಗ್ರಾಂ ತೂಕದ ಹೃದಯ ಅದು! ಕ್ಲ್ಯಾಂಪ್ ತೆಗೆದಾಗ ರಕ್ತ ಆ ಹೃದಯದ ಮಾಂಸಕ್ಕೆ ಹರಿದು ಅದು ಮತ್ತೆ ಬಡ್ಕೊಳ್ಳೋಕೆ ಶುರು ಮಾಡುತ್ತೆ. ಆಮೇಲೆ ದಿನಾ ಇಲಿಯ ಹೊಟ್ಟೆ ಮೇಲೆ ಬೆರಳಿಟ್ಟು ಮಿಡಿತ ಇದೆಯಾ ಅಂತ ನೋಡೋದು, ನಿಂತ್ರೆ ತಿರಸ್ಕಾರ ಆಯ್ತು ಅಂತ ಲೆಕ್ಕ. ಔಷಧಿ ಏನೂ ಕೊಡದಿದ್ರೆ, ಎರಡೂ ಬೇರೆ ತಳಿಯ ಇಲಿಗಳಾಗಿದ್ರೆ, ಸಾಮಾನ್ಯವಾಗಿ ಒಂದು ವಾರದ ಆಸುಪಾಸಲ್ಲೇ ನಿಂತುಹೋಗುತ್ತೆ.

ಈಗ ಕಲಿಸೋದು ಹೇಗೆ ಅನ್ನೋ ವಿಚಾರ. ಎದೆಯಲ್ಲಿ ಥೈಮಸ್ ಅಂತ ಒಂದು ಗ್ರಂಥಿ ಇದೆ, ಟಿ-ಕೋಶ ಅನ್ನೋ ಬಿಳಿ ರಕ್ತಕಣಗಳು, ಅಂದ್ರೆ ಹೊರಗಿನದ್ದನ್ನ ಗುರುತು ಹಿಡಿದು ದಾಳಿ ಮಾಡೋ ಕೋಶಗಳು, ಬೆಳೆಯೋದು ಅಲ್ಲೇ, ಸ್ವಂತ ದೇಹದ ಮೇಲೇ ಬೀಳೋ ಅಂಥ ಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯ್ತವೆ. ಹಾಗಿದ್ರೆ ದಾನಿಯ ಕೋಶಗಳನ್ನ ಸೀದಾ ಥೈಮಸ್ ಒಳಗೇ ಇಟ್ರೆ ಹೇಗೆ? 1990ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯವರು ಇನ್ಸುಲಿನ್ ಮಾಡೋ ಕೋಶಗಳನ್ನ ಹೀಗೆ ಇಲಿಗಳ ಥೈಮಸ್‌ಗೆ ಹಾಕಿದ್ರು, ಜೊತೆಗೆ ರಕ್ತದಲ್ಲಿ ಆಗಲೇ ಓಡಾಡ್ತಿದ್ದ ಹಳೇ ಟಿ-ಕೋಶಗಳನ್ನ ಕಡಿಮೆ ಮಾಡೋಕೆ ಒಂದು ಸೀರಂ ಕೊಟ್ರು. ಹೊಸದಾಗಿ ಹುಟ್ಟಿದ ಟಿ-ಕೋಶಗಳು ದಾನಿಯ ಕೋಶಾನ ತಮ್ಮದೇ ಅಂದ್ಕೊಂಡವು. ಮುಂದೆ ದಾನಿಯ ಗುಲ್ಮದ, ಅಂದ್ರೆ ಸ್ಪ್ಲೀನ್‌ನ, ಕೋಶಗಳನ್ನ ಹಾಕಿ, ಆಮೇಲೆ ಅದೇ ತಳಿಯ ಹೃದಯ ಜೋಡಿಸಿದಾಗ ಅದೂ ನಿಲ್ಲದೆ ಬಡೀತಾ ಇತ್ತು. ಬೇರೆ ಮೂರನೇ ತಳಿಯ ಹೃದಯ ಕೊಟ್ರೆ ಮಾತ್ರ ದೇಹ ಎಂದಿನ ಹಾಗೇ ತಿರಸ್ಕರಿಸ್ತು. ನನ್ನ ಪ್ರಕಾರ ಇಡೀ ಪ್ರಯೋಗದ ಜೀವ ಇರೋದು ಇಲ್ಲೇ, ನಿರೋಧಕ ಶಕ್ತಿ ಕುಂದಿಲ್ಲ, ದಾನಿಯನ್ನ ಮಾತ್ರ ಒಪ್ಕೊಂಡಿದೆ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ.

ಇನ್ನೊಂದು ದಾರಿ ಆಸ್ಟ್ರೇಲಿಯಾದ ಬ್ರೂಸ್ ಹಾಲ್ ಅವರದು. ಸ್ವಲ್ಪ ದಿನ ಸೈಕ್ಲೋಸ್ಪೋರಿನ್ ಅನ್ನೋ ನಿರೋಧಕ ಶಕ್ತಿ ತಗ್ಗಿಸೋ ಔಷಧಿ ಕೊಟ್ಟು ನಿಲ್ಲಿಸಿದ ಇಲಿಗಳಲ್ಲಿ ಹೃದಯ ಹಾಗೇ ಉಳಿದಿತ್ತು, ಆ ಇಲಿಗಳ ಕೆಲವು ಟಿ-ಕೋಶಗಳನ್ನ ಬೇರೆ ಇಲಿಗೆ ಹಾಕಿದ್ರೆ ಅದೂ ಅದೇ ತಳಿಯ ಹೃದಯಾನ ಒಪ್ಕೊಳ್ತು. ಅಂದ್ರೆ ದಾಳಿ ಮಾಡೋ ಕೋಶ ಇದ್ದ ಹಾಗೇ ದಾಳಿ ತಡೆಯೋ ಕೋಶಾನೂ ದೇಹದಲ್ಲಿದೆ. ಇವನ್ನ ಈಗ ರೆಗ್ಯುಲೇಟರಿ ಟಿ-ಕೋಶ ಅಂತೀವಿ, ಮುಖ್ಯವಾಗಿ ಮೌಸ್ ಅನ್ನೋ ಪುಟ್ಟ ಇಲಿಗಳಲ್ಲಿ ಇವುಗಳ ಬಗ್ಗೆ ಕೆಲಸ ಮಾಡಿದ ಜಪಾನಿನ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮೂವರಿಗೂ 2025ರ ನೊಬೆಲ್ ಬಂತು.

ಮತ್ತೆ ಮನುಷ್ಯರಿಗೆ ಯಾಕೆ ಇನ್ನೂ ಬಂದಿಲ್ಲ ಅಂತ ಕೇಳ್ತೀರ. ಲ್ಯಾಬಿನ ಇಲಿ ಕ್ಲೀನ್ ಜಾಗದಲ್ಲಿ ಬೆಳೆದದ್ದು, ರೋಗಾಣುಗಳನ್ನ ಹೆಚ್ಚು ಕಂಡಿಲ್ಲ. ನಮ್ಮ ದೇಹದಲ್ಲಿ ಚಿಕ್ಕಂದಿನಿಂದ ಬಂದ ಜ್ವರ, ಶೀತ ಎಲ್ಲದರ ನೆನಪು ಇಟ್ಕೊಂಡ ಟಿ-ಕೋಶಗಳಿವೆ, ಅವುಗಳಲ್ಲಿ ಕೆಲವು ದಾನಿಯ ಕೋಶದ ಮೇಲೂ ತಿರುಗಿ ಬೀಳ್ತವೆ, ಅವನ್ನ ಬಗ್ಗಿಸೋದು ಬಹಳ ಕಷ್ಟ. ಥೈಮಸ್ ಕೂಡ ವಯಸ್ಸಾದಂತೆ ಕುಗ್ಗುತ್ತೆ. ಎಲ್ಲಕ್ಕಿಂತ ದೊಡ್ಡ ತೊಡಕು ಸಮಯದ್ದು, ಇಲಿಗೆ ಎಷ್ಟೋ ದಿನ ಮುಂಚೆನೇ ದಾನಿಯ ಕೋಶ ಕೊಟ್ಟು ತಯಾರು ಮಾಡಬಹುದು, ಆದ್ರೆ ಮನುಷ್ಯರಲ್ಲಿ ಹೃದಯ ಬರೋದು ಹೆಚ್ಚಾಗಿ ಬ್ರೈನ್ ಡೆಡ್ ಆದವರಿಂದ, ಯಾರದ್ದು ಯಾವತ್ತು ಸಿಗುತ್ತೋ ಯಾರಿಗೂ ಗೊತ್ತಿಲ್ಲ, ಸಿಕ್ಕಮೇಲೆ ಕೆಲವೇ ಗಂಟೆಯಲ್ಲಿ ಜೋಡಿಸ್ಬೇಕು. ಕಿಡ್ನೀನ ಬದುಕಿರೋ ಅಣ್ಣ ತಮ್ಮ ಅಕ್ಕ ತಂಗಿ ಕೊಡಬಹುದಾದ್ರಿಂದ ಅಲ್ಲಿ ಸ್ವಲ್ಪ ದಾರಿ ತೆರೆದಿದೆ, ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಾನಿಯ ಕಿಡ್ನಿ ಜೊತೆ ಅಸ್ಥಿಮಜ್ಜೆಯನ್ನೂ ಕೊಟ್ಟು ಕೆಲವು ರೋಗಿಗಳ ಮಾತ್ರೆಗಳನ್ನ ವರ್ಷಗಟ್ಟಲೆ ನಿಲ್ಲಿಸಿದಾರೆ.

ಟ್ರಾನ್ಸ್‌ಪ್ಲಾಂಟ್ ಆದವರು ಈ ಕಾರ್ಯಕ್ರಮ ಕೇಳ್ತಿದ್ರೆ ದಯವಿಟ್ಟು ಒಂದು ಮಾತು, ಮಾತ್ರೆ ನಿಲ್ಲಿಸೋ ಆ ಪ್ರಯೋಗಗಳು ಡಾಕ್ಟರುಗಳ ಕಣ್ಣೆದುರೇ ನಡೆದದ್ದು, ನೀವಾಗೇ ಒಂದು ಡೋಸನ್ನೂ ಬಿಡಬೇಡಿ. ನಮಸ್ಕಾರ.