ಗೋಬಿ ಮಂಚೂರಿ ಕೊಟ್ಟವರ ಊರು ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಹೊತ್ತು ನಮ್ಮ ಯಾವ ಊರಿನ ಬಸ್ ಸ್ಟ್ಯಾಂಡಿಗೆ ಹೋದರೂ ಅಲ್ಲೊಂದು ಗೋಬಿ ಗಾಡಿ ಇರುತ್ತದೆ. ಭರ್ರೆಂದು ಉರಿಯುವ ಒಲೆ, ದೊಡ್ಡ ಬಾಣಲೆ, ಸೋಯಾ ಸಾಸ್ ಬಿದ್ದ ಕೂಡಲೇ ಮೂಗಿಗೆ ಹೊಡೆಯುವ ಘಮ. ಈ ಮಂಚೂರಿ ಚೀನಾದಿಂದ ಬಂದದ್ದಲ್ಲ. 1975ರಲ್ಲಿ ಮುಂಬೈಯಲ್ಲಿ ಕೋಳಿಮಾಂಸಕ್ಕೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಇದನ್ನು ಮೊದಲು ಮಾಡಿದ್ದು ತಾವೇ ಎಂದು ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಹೇಳಿದ್ದಾರೆ. ಅವರು ಹುಟ್ಟಿದ್ದು ಕಲ್ಕತ್ತದಲ್ಲಿ.

ಕಲ್ಕತ್ತದ ಚೀನೀಯರದು ಇನ್ನೂರು ವರ್ಷಕ್ಕೂ ಹಳೆಯ ಸಂಸಾರ. ಅವರಲ್ಲಿ ಹಕ್ಕಾ ಎಂಬ ಸಮುದಾಯದ ಜನ ನಗರದ ಟ್ಯಾಂಗ್ರಾ ಬಡಾವಣೆಯಲ್ಲಿ ಚರ್ಮ ಹದ ಮಾಡಿದರು, ಚಪ್ಪಲಿ ಹೊಲಿದರು. ಕ್ಯಾಂಟನ್ ಕಡೆಯವರು ಮರಗೆಲಸ ಹಿಡಿದರು. ಚೀನಾದ ಹುಬೇ ಪ್ರಾಂತದಿಂದ ಬಂದವರು ಹಲ್ಲಿನ ವೈದ್ಯರಾದರು. ಟ್ಯಾಂಗ್ರಾದಲ್ಲಿ ಒಂದು ಕಾಳಿ ಗುಡಿ ಇದೆ. ಅಲ್ಲಿ ದೇವಿಗೆ ನೂಡಲ್ಸ್ ನೈವೇದ್ಯ, ಭಕ್ತರಿಗೂ ಅದೇ ಪ್ರಸಾದ. ನೆಲಕ್ಕೆ ಬೇರು ಬಿಟ್ಟವರು ಅಂದರೆ ಇವರಲ್ಲದೆ ಇನ್ಯಾರು?

1962ರಲ್ಲಿ ಚೀನಾದೊಂದಿಗೆ ಯುದ್ಧವಾಯಿತು. ಆ ನವೆಂಬರಿನಲ್ಲಿ ಅಸ್ಸಾಮಿನ ಮಾಕುಮ್, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆ ಪೊಲೀಸರು ಚೀನೀ ಮೂಲದವರ ಮನೆಬಾಗಿಲು ತಟ್ಟಿದರು. ಮಾಕುಮ್‌ನ ಹಲವು ಮನೆಗಳಲ್ಲಿ ಅಪ್ಪ ಚೀನೀ ಮೂಲದವನು, ಅಮ್ಮ ಇಲ್ಲಿಯವಳು. ಮಕ್ಕಳಿಗೆ ಚೀನಾ ಯಾವ ದಿಕ್ಕಿಗಿದೆಯೆಂದೂ ಗೊತ್ತಿಲ್ಲ. ಕೈಗೆ ಸಿಕ್ಕ ಬಟ್ಟೆಬರೆ ಕಟ್ಟಿಕೊಂಡು ಹೊರಟವರನ್ನು ರೈಲಿಗೆ ತುಂಬಿ, ದಿನಗಟ್ಟಲೆ ಸಾಗಿಸಿ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಇಳಿಸಿದರು. ಸುಮಾರು 3,000 ಮಂದಿ. ಹಸುಗೂಸುಗಳೂ ಇದ್ದವು, ಮುದುಕರೂ ಇದ್ದರು. ಬೇಹುಗಾರಿಕೆಯ ಆರೋಪ ಹೊರಿಸಿ ವಿಚಾರಣೆ ನಡೆಸಿದ್ದಲ್ಲ, ಮುಖವೇ ಸಾಕ್ಷಿಯಾಯಿತು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮರುವರ್ಷ ಹಡಗಿನಲ್ಲಿ ಚೀನಾಕ್ಕೆ ಕಳಿಸಲಾಯಿತು. ಕೊನೆಯವರು ಬಂಧನದಿಂದ ಹೊರಬಂದದ್ದು 1967ರಲ್ಲಿ. ಅಷ್ಟರಲ್ಲಿ ಎಷ್ಟೋ ಜನರ ಮನೆ, ಅಂಗಡಿ ಹರಾಜಾಗಿ ಹೋಗಿದ್ದವು.

ನನ್ನ ಶಾಲೆಯ ಪಾಠಗಳಲ್ಲಿ 1962ರ ಯುದ್ಧ ಬಂತು, ದೇವಲಿ ಬರಲಿಲ್ಲ. ಸಿನಿಮಾದಲ್ಲಿ ಚೀನೀ ಮುಖ ಬಂದರೆ ಕಳ್ಳಸಾಗಣೆಯವನದೋ ನಗಿಸುವವನದೋ ಆಗಿರುತ್ತಿತ್ತು. ಬಂಗಾಳಿಯಲ್ಲಿ ಚೌಕಾಸಿ ಮಾಡುವ, ಮಗಳ ಫೀಸಿಗೆ ಹಣ ಹೊಂದಿಸುವ ಟ್ಯಾಂಗ್ರಾದ ಅಪ್ಪನೊಬ್ಬ ತೆರೆಯ ಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಕಾಣದವರ ಬಗ್ಗೆ ಏನು ಹೇಳಿದರೂ ಜನ ನಂಬುತ್ತಾರೆ.

ಮುಖ ನೋಡಿ ಊರು ನಿರ್ಧರಿಸುವ ಚಾಳಿ ನಮ್ಮಲ್ಲೂ ಇದೆ. ಮಣಿಪುರ, ನಾಗಾಲ್ಯಾಂಡಿನ ಮಕ್ಕಳನ್ನು ಬೆಂಗಳೂರಿನ ಬೀದಿಯಲ್ಲಿ ‘ಚಿಂಕಿ’ ಅನ್ನುತ್ತಾರೆ. 2012ರ ಆಗಸ್ಟಿನಲ್ಲಿ ಹಲ್ಲೆಯಾಗುತ್ತದೆಂಬ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ನಮ್ಮ ನೆರೆಯಲ್ಲೇ ಬಾಳುತ್ತಿದ್ದವರಿಗೆ ನಮ್ಮ ಮೇಲೆ ಅಷ್ಟೂ ಭರವಸೆ ಇರಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ದೇವಲಿ ಕಂಡವರಲ್ಲಿ ಹಲವರು ಕೆನಡಾದ ಟೊರಾಂಟೊ ಸೇರಿದರು. ಅಲ್ಲಿ ಹಕ್ಕಾ ಹೋಟೆಲುಗಳ ಬೋರ್ಡಿನಲ್ಲಿ ಚಿಲ್ಲಿ ಚಿಕನ್ ಇದೆ, ಮಂಚೂರಿಯನ್ ಇದೆ. ಶಿಬಿರದಲ್ಲಿ ಮಕ್ಕಳಾಗಿದ್ದವರಿಗೆ ಈಗ ತಲೆ ನರೆತಿದೆ. ತಪ್ಪಾಯಿತು ಎಂಬ ಒಂದು ಮಾತನ್ನು ಅವರು ಭಾರತ ಸರ್ಕಾರದಿಂದ ಕೋರುತ್ತಿದ್ದಾರೆ. ಆ ಮಾತು ಇನ್ನೂ ಬಂದಿಲ್ಲ.

ನಮಸ್ಕಾರ.