ಸಭಿಕರೂ ಹಾಡಿದ ರೆಕಾರ್ಡುಗಳು: ಪೀಟ್ ಸೀಗರ್ ಅವರ ಲೈವ್ ಆಲ್ಬಮ್‌ಗಳು

ಎಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ 'ಹಮ್ ಹೋಂಗೇ ಕಾಮ್‌ಯಾಬ್' ಹಾಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹೌದು, ಮುಕ್ಕಾಲು ಜನ ಇದ್ದೀರಿ. ನಾನೂ ಹಾಡಿದ್ದೇನೆ. ಆಗ ನಮಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಆ ಹಾಡು ಬಂದುಬಿಟ್ಟಿತ್ತು. ಮೇಷ್ಟ್ರು ಒಂದು ಸಾಲು ಹೇಳೋರು, ಅಂಗಳದಲ್ಲಿ ನಿಂತ ಮಕ್ಕಳೆಲ್ಲ ಅದನ್ನು ಎತ್ತಿಕೊಳ್ಳುತ್ತಿದ್ದೆವು.

ಎಷ್ಟೋ ವರ್ಷಗಳ ಮೇಲೆ ಆ ಹಾಡಿನ ಮೂಲವನ್ನು ರೆಕಾರ್ಡಿನಲ್ಲಿ ಕೇಳಿದೆ. 'ವಿ ಶಲ್ ಓವರ್‌ಕಮ್'. 1963ರ ಜೂನ್ 8ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ ಹಾಡಿದ್ದು. ಕೇಳುತ್ತಾ ಕೂತವನಿಗೆ ಮೈ ಜುಮ್ ಅಂತು. ನಮ್ಮ ಶಾಲೆಯ ಅಂಗಳದಲ್ಲಿ ನಡೆಯುತ್ತಿದ್ದದ್ದೇ ಅಲ್ಲೂ ನಡೆಯುತ್ತಿತ್ತು. ಒಬ್ಬರು ಸಾಲು ಹೇಳುತ್ತಾರೆ, ಸಭೆ ಎತ್ತಿಕೊಳ್ಳುತ್ತದೆ.

ಆಮೇಲೆ ಸೀಗರ್ ಅವರ ಲೈವ್ ಆಲ್ಬಮ್‌ಗಳನ್ನು ಒಂದೊಂದಾಗಿ ಹುಡುಕಿ ಕೇಳಿದೆ. ಲೈವ್ ಅಂದರೆ ಸಭೆಯ ಮುಂದೆ ಹಾಡಿದ್ದನ್ನೇ ರೆಕಾರ್ಡ್ ಮಾಡಿದ್ದು. 1950ರ ದಶಕದಿಂದ ಅವರ ಕೊನೆಯ ವರ್ಷಗಳವರೆಗೆ ಇಂಥ ರೆಕಾರ್ಡುಗಳು ಬರುತ್ತಲೇ ಇದ್ದವು. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಒಂದೇ ವಿಷಯ. ಈ ರೆಕಾರ್ಡುಗಳನ್ನು ಕೇಳುವಾಗ ಗಾಯಕನ ದನಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಸಭಿಕರ ದನಿಗೆ ಕಿವಿ ಕೊಡಬೇಕು. ಸೀಗರ್ ಅರವತ್ತು ವರ್ಷ ಕಟ್ಟಿದ್ದು ಆ ದನಿಯನ್ನು.

ಮೊದಲು ಅವರ ಬಗ್ಗೆ ಎರಡು ಮಾತು. ಹುಟ್ಟಿದ್ದು 1919ರ ಮೇ 3, ನ್ಯೂಯಾರ್ಕಿನಲ್ಲಿ. ತಂದೆ ಚಾರ್ಲ್ಸ್ ಸೀಗರ್ ಸಂಗೀತ ವಿದ್ವಾಂಸರು, ತಾಯಿ ಪಿಟೀಲು ನುಡಿಸುತ್ತಿದ್ದರು. ಮಗ ಹಾರ್ವರ್ಡ್‌ಗೆ ಸೇರಿ, 1938ರಲ್ಲಿ ಓದು ಬಿಟ್ಟು ಹೊರಗೆ ಬಂದ. ಬ್ಯಾಂಜೊ ಅನ್ನುವ ತಂತಿವಾದ್ಯ ಹಿಡಿದ. ಹಳ್ಳಿ ಹಾಡು, ಕೂಲಿಕಾರರ ಹಾಡು, ಮುಷ್ಕರದ ಹಾಡು ಕಲಿತ. ಸ್ವಂತ ಹಾಡನ್ನೂ ಕಟ್ಟಿದ. 'ವೇರ್ ಹ್ಯಾವ್ ಆಲ್ ದ ಫ್ಲವರ್ಸ್ ಗಾನ್' ಅವರದು. 'ಇಫ್ ಐ ಹ್ಯಾಡ್ ಎ ಹ್ಯಾಮರ್' ಹಾಡನ್ನು ಗೆಳೆಯ ಲೀ ಹೇಸ್ ಜೊತೆ ಸೇರಿ 1949ರಲ್ಲಿ ಬರೆದರು.

ಆ ಲೀ ಹೇಸ್, ರಾನಿ ಗಿಲ್ಬರ್ಟ್, ಫ್ರೆಡ್ ಹೆಲ್ಲರ್‌ಮನ್ ಮತ್ತು ಸೀಗರ್, ಈ ನಾಲ್ವರ ತಂಡದ ಹೆಸರು 'ದ ವೀವರ್ಸ್'. ನೇಕಾರರು ಅಂತ ಅರ್ಥ. 1950ರಲ್ಲಿ ಇವರ 'ಗುಡ್‌ನೈಟ್ ಐರೀನ್' ಅಮೆರಿಕದಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಎರಡೇ ವರ್ಷದಲ್ಲಿ ಎಲ್ಲ ಕುಸಿಯಿತು. ಅದು ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಹೊರಗಟ್ಟುತ್ತಿದ್ದ ಕಾಲ. ಸೀಗರ್ ಹಿಂದೆ ಆ ಪಕ್ಷದಲ್ಲಿದ್ದವರು. ತಂಡದ ಹೆಸರು ಕಪ್ಪುಪಟ್ಟಿಗೆ ಸೇರಿತು. ರೇಡಿಯೋ ಇಲ್ಲ, ಟಿ.ವಿ. ಇಲ್ಲ, ದೊಡ್ಡ ಹೋಟೆಲ್ಲುಗಳ ವೇದಿಕೆಯೂ ಇಲ್ಲ. ತಂಡ ಮುರಿಯಿತು.

ಈಗ ಮೊದಲ ಮುಖ್ಯ ಲೈವ್ ಆಲ್ಬಮ್ಮಿಗೆ ಬರೋಣ. 1955ರ ಆಗಸ್ಟ್‌ನಲ್ಲಿ ಸೀಗರ್ ಅವರನ್ನು ಸಂಸತ್ತಿನ ಸಮಿತಿ ಕರೆದು ಪ್ರಶ್ನೆ ಮಾಡಿತು. ಯಾರ ಜೊತೆ ಹಾಡಿದೆ, ಯಾರಿಗೋಸ್ಕರ ಹಾಡಿದೆ ಅಂತ. ಅವರು ಉತ್ತರ ಕೊಡಲಿಲ್ಲ. ನನ್ನ ವಿಚಾರ, ನನ್ನ ಗೆಳೆತನ ಕೇಳುವ ಹಕ್ಕು ನಿಮಗಿಲ್ಲ ಅನ್ನುವುದು ಅವರ ನಿಲುವು. ಆಮೇಲೆ ನಾಲ್ಕು ತಿಂಗಳು ಕಳೆದಿತ್ತು, ಅಷ್ಟೆ. ಡಿಸೆಂಬರ್ 24ರ ರಾತ್ರಿ ನೇಕಾರರು ಮತ್ತೆ ಒಟ್ಟಾಗಿ ಕಾರ್ನೆಗಿ ಹಾಲ್ ವೇದಿಕೆ ಹತ್ತಿದರು. ಟಿಕೆಟ್ ಒಂದೂ ಉಳಿದಿರಲಿಲ್ಲ. ಇದರ ಹಿಂದೆ ಇದ್ದವರು ತಂಡದ ಮ್ಯಾನೇಜರ್ ಹೆರಾಲ್ಡ್ ಲೆವೆಂತಾಲ್. ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಾಗಿ ನಮ್ಮ ದೇಶದಲ್ಲಿದ್ದವರು, ಗಾಂಧೀಜಿಯನ್ನೂ ನೆಹರೂ ಅವರನ್ನೂ ಭೇಟಿಯಾದವರು. ಇದನ್ನು ಓದಿದಾಗ ನನಗೆ ಖುಷಿಯಾಯಿತು, ಅದಕ್ಕೇ ಹೇಳಿದೆ.

ಆ ರಾತ್ರಿಯ ರೆಕಾರ್ಡನ್ನು 1957ರಲ್ಲಿ ವ್ಯಾನ್‌ಗಾರ್ಡ್ ಕಂಪನಿ ಹೊರತಂದಿತು. ಅದರಲ್ಲಿ ಚಪ್ಪಾಳೆಯನ್ನು ಗಮನಿಸಿ. ಒಳ್ಳೆ ಹಾಡಿಗೆ ಬೀಳುವ ಚಪ್ಪಾಳೆ ಒಂದು ಥರ ಇರುತ್ತದೆ. ದೂರ ಆಗಿದ್ದ ಮನೆಯವರು ಬಾಗಿಲಿಗೆ ಬಂದು ನಿಂತಾಗ ಆಗುವ ಸದ್ದೇ ಬೇರೆ. ಇದು ಆ ಸದ್ದು. ಹೊರಗೆ ಯಾರು ಏನೇ ಪಟ್ಟಿ ಮಾಡಿರಲಿ, ನೀವು ನಮಗೆ ಬೇಕು ಅಂತ ಸಭೆ ಹೇಳುತ್ತಿದೆ. ಸ್ಟುಡಿಯೋದಲ್ಲಿ ಇದೇ ಹಾಡುಗಳನ್ನು ಹಿಂದೆ ವಾದ್ಯಗೋಷ್ಠಿ ಸೇರಿಸಿ ನುಣುಪಾಗಿ ಮಾಡಿದ್ದರು. ಇಲ್ಲಿ ನಾಲ್ಕು ಗಂಟಲು, ಒಂದು ಬ್ಯಾಂಜೊ, ಒಂದು ಗಿಟಾರ್. ನನಗೆ ಇದೇ ಇಷ್ಟ.

ಸೀಗರ್ 1958ರಲ್ಲಿ ತಂಡ ಬಿಟ್ಟರು. ಉಳಿದವರು ಸಿಗರೇಟ್ ಜಾಹೀರಾತಿಗೆ ಹಾಡಲು ಒಪ್ಪಿದ್ದರು, ಅದು ಇವರ ಮನಸ್ಸಿಗೆ ಒಗ್ಗಲಿಲ್ಲ. ಟಿ.ವಿ. ಬಾಗಿಲು ಮುಚ್ಚಿತ್ತಲ್ಲ, ಇವರು ಕಾಲೇಜಿನಿಂದ ಕಾಲೇಜಿಗೆ ಹೊರಟರು. ಬ್ಯಾಂಜೊ ಹೆಗಲಿಗೆ ಹಾಕಿಕೊಂಡು, ಸಿಕ್ಕ ಸಂಭಾವನೆಗೆ ಹಾಡಿದರು. ತಮ್ಮ ಬದುಕಿನ ಅತಿ ಮುಖ್ಯ ಕೆಲಸ ಅದೇ ಅಂತ ಮುಂದೆ ಅವರೇ ಹೇಳಿದ್ದಾರೆ.

ಅಂಥ ಒಂದು ರಾತ್ರಿಯ ದಾಖಲೆ ಉಳಿದಿದೆ. 1960ರ ಮಾರ್ಚ್ 13, ಮೇನ್ ರಾಜ್ಯದ ಬೋಡಿನ್ ಕಾಲೇಜು. ವಿದ್ಯಾರ್ಥಿಗಳ ರೇಡಿಯೋದವರು ಟೇಪ್ ಮಾಡಿಟ್ಟಿದ್ದರು. ಆ ಟೇಪು 2012ರಲ್ಲಿ ಸ್ಮಿತ್‌ಸೋನಿಯನ್ ಫೋಕ್‌ವೇಸ್ ಅನ್ನುವ ರೆಕಾರ್ಡ್ ಕಂಪನಿಯ ಮೂಲಕ ಹೊರಬಂತು, ಅಂದರೆ 52 ವರ್ಷದ ಮೇಲೆ. ಹಾಡುವಾಗ ಸೀಗರ್ ಮೇಲೆ ಕೇಸು ನಡೆಯುತ್ತಿತ್ತು. ಸಮಿತಿಗೆ ಅಗೌರವ ತೋರಿಸಿದ ಆರೋಪ. 1961ರಲ್ಲಿ ಒಂದು ವರ್ಷದ ಶಿಕ್ಷೆ ಆಯಿತು, 1962ರ ಮೇ ತಿಂಗಳಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಜೈಲು ಬಾಗಿಲು ಕಾಣುತ್ತಿದ್ದ ಮನುಷ್ಯ ಹುಡುಗರ ಮುಂದೆ ಹೇಗೆ ಹಾಡುತ್ತಾನೆ ನೋಡಿ. ಸಿಟ್ಟಿಲ್ಲ, ಗೋಳಿಲ್ಲ. ಬನ್ನಿ ಕಲಿಯೋಣ ಅನ್ನುವ ದನಿ. ಹುಡುಗರು ಮೊದಮೊದಲು ಸಂಕೋಚದಿಂದ ಗುಣುಗುತ್ತಾರೆ. ಹೋಗ್ತಾ ಹೋಗ್ತಾ ಗಂಟಲು ಬಿಚ್ಚುತ್ತಾರೆ.

ಅದು ಹೇಗೆ ಸಾಧ್ಯ ಆಗುತ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಹಳೆ ಚರ್ಚುಗಳಲ್ಲಿ ಒಂದು ಪದ್ಧತಿ ಇತ್ತು. ಹಾಡಿನ ಪುಸ್ತಕ ಇಲ್ಲದವರು, ಓದು ಬಾರದವರು ಇರುತ್ತಿದ್ದರು. ಮುಂದೆ ನಿಂತವರು ಒಂದು ಸಾಲು ಹೇಳುತ್ತಿದ್ದರು, ಸಭೆ ಅದನ್ನು ಹಾಡುತ್ತಿತ್ತು. ಸೀಗರ್ ಇದನ್ನು ತೆಗೆದುಕೊಂಡು ತಾಳದೊಳಗೆ ಕೂರಿಸಿದರು. ಹಾಡು ಎಲ್ಲೂ ನಿಲ್ಲುವುದಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಉಸಿರಿನಷ್ಟು ಜಾಗ ಇರುತ್ತದಲ್ಲ, ಅಲ್ಲಿ ಮುಂದಿನ ಮಾತುಗಳನ್ನು ಚಕ್ಕನೆ ಆಡಿಬಿಡುತ್ತಾರೆ. ಜನ ಹಾಡುತ್ತಾರೆ. ಅವರು ಹಾಡುವಾಗ ಇವರು ಮೇಲಿನ ಸ್ವರಕ್ಕೆ ಹೋಗುತ್ತಾರೆ. ತುಂಬ ಸೂಕ್ಷ್ಮದ ಕೆಲಸ ಅದು. ಕ್ಷಣ ತಡವಾದರೆ ಸಭೆ ಎಡವುತ್ತದೆ.

ನಮಗೆ ಇದು ಹೊಸದೇನಲ್ಲ, ಅಲ್ವಾ? ಕಂಸಾಳೆಯವರ ಮೇಳದಲ್ಲಿ ಮುಂದಾಳು ಒಂದು ಸಾಲು ಬಿಟ್ಟರೆ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಅಜ್ಜಿ ಸೋಬಾನೆ ಶುರು ಮಾಡಿದರೆ ಸುತ್ತ ಕೂತ ಹೆಂಗಸರು ಕೂಡಿಕೊಳ್ಳುತ್ತಾರೆ. ಆದರೆ ಅವರಿಗೆಲ್ಲ ಹಾಡು ಮೊದಲೇ ಗೊತ್ತಿರುತ್ತದೆ. ಸೀಗರ್ ಮುಂದೆ ಇದ್ದವರು ಟಿಕೆಟ್ ತೆಗೆದುಕೊಂಡು ಬಂದ ಊರೂರಿನ ಜನ. ಪಕ್ಕದವರ ಹೆಸರೂ ಗೊತ್ತಿಲ್ಲದವರು. ಅವರನ್ನು ಒಂದು ಮೇಳ ಮಾಡಬೇಕಿತ್ತು.

ಈಗ ಮತ್ತೆ 1963ರ ಕಾರ್ನೆಗಿ ಹಾಲ್‌ಗೆ ಹೋಗೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹಿಂದಿನ ತಿಂಗಳು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಮಕ್ಕಳು ಬೀದಿಗೆ ಇಳಿದಿದ್ದರು. ಅವರ ಮೇಲೆ ಪೊಲೀಸರು ನಾಯಿ ಬಿಟ್ಟರು, ಬೆಂಕಿ ಆರಿಸುವ ನೀರಿನ ಪೈಪು ತಿರುಗಿಸಿದರು. ನೂರಾರು ಮಕ್ಕಳು ಜೈಲಿಗೆ ಹೋದರು, ಹಾಡುತ್ತಲೇ ಹೋದರು. ಆ ಹಾಡುಗಳನ್ನು ಸೀಗರ್ ನ್ಯೂಯಾರ್ಕಿನ ದೊಡ್ಡ ಸಭಾಂಗಣಕ್ಕೆ ತಂದರು. ಇನ್ನೂ ಹೆಸರು ಮಾಡುತ್ತಿದ್ದ ಹುಡುಗ ಬಾಬ್ ಡಿಲನ್, ಟಾಮ್ ಪ್ಯಾಕ್ಸ್‌ಟನ್, ಮಾಲ್ವಿನಾ ರೆನಾಲ್ಡ್ಸ್ ಬರೆದ ಹಾಡುಗಳನ್ನೂ ಹಾಡಿದರು. ಸ್ವಂತ ಹಾಡಿಗಿಂತ ಬೇರೆಯವರ ಹಾಡೇ ಹೆಚ್ಚು. ಇದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ.

ಕೊಲಂಬಿಯಾ ಕಂಪನಿ ಆ ವರ್ಷವೇ ಒಂದು ಎಲ್.ಪಿ. ಹೊರತಂದಿತು. ಅದು ಬಹಳ ಜನಕ್ಕೆ ತಲುಪಿತು. ಆದರೆ ನೀವು ಕೇಳಬೇಕಾದ್ದು 1989ರಲ್ಲಿ ಬಂದ ಎರಡು ಸಿ.ಡಿ.ಗಳ ಪೂರ್ತಿ ಕಛೇರಿ. ಎಲ್.ಪಿ.ಯಲ್ಲಿ ಹಣ್ಣು ಮಾತ್ರ ಸಿಗುತ್ತದೆ, ಸಿ.ಡಿ.ಯಲ್ಲಿ ಇಡೀ ಗಿಡ. ಶುರುವಿನಲ್ಲಿ ಸುಮ್ನೆ ಬ್ಯಾಂಜೊ ಮೇಲೆ ಹಳೆ ಕುಣಿತದ ಧಾಟಿಗಳು. ಆಮೇಲೆ ನಗಿಸುವ ಹಾಡು, ಮಕ್ಕಳ ಹಾಡು. ಜನ ಕಾಲು ತಟ್ಟುತ್ತಾರೆ, ನಗುತ್ತಾರೆ, ಒಂದೆರಡು ಸಾಲು ಕೂಡಿಕೊಳ್ಳುತ್ತಾರೆ. ಹೀಗೆ ಹದ ಮಾಡಿದ ಮೇಲೆಯೇ ಬರ್ಮಿಂಗ್‌ಹ್ಯಾಮ್ ಬರುತ್ತದೆ. ಕೊನೆಕೊನೆಗೆ 'ವಿ ಶಲ್ ಓವರ್‌ಕಮ್'. ಅದರ ನಡುವೆ ಅವರು ಸಭೆಗೆ ಹೇಳುತ್ತಾರೆ, ಎಲ್ಲಕ್ಕಿಂತ ಮುಖ್ಯವಾದ ಚರಣ ಅಲಬಾಮಾದ ಮಾಂಟ್‌ಗೊಮರಿಯ ಜನ ಕಟ್ಟಿದ್ದು, 'ನಾವು ಹೆದರುವುದಿಲ್ಲ' ಅನ್ನುವುದು ಅಂತ. ಆಮೇಲೆ ಸಭೆ ಆ ಚರಣ ಹಾಡುತ್ತದೆ. ನಾಲ್ಕು ದಿನಕ್ಕೆ, ಜೂನ್ 12ರಂದು, ಮಿಸಿಸಿಪಿಯಲ್ಲಿ ಹೋರಾಟದ ಮುಂದಾಳು ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಇದು ಗೊತ್ತಿದ್ದು ಆ ಚರಣ ಕೇಳಿದರೆ ಗಂಟಲು ಕಟ್ಟುತ್ತದೆ.

ಆ ಹಾಡು ಯಾರದು ಅನ್ನೋದನ್ನೂ ಹೇಳಿಬಿಡಬೇಕು. ಸೀಗರ್ ಅವರದ್ದಲ್ಲ. ಅದರ ಬೇರು ಕಪ್ಪು ಜನರ ಚರ್ಚಿನ ಹಾಡಿನಲ್ಲಿದೆ. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ತಂಬಾಕು ಕಾರ್ಖಾನೆಯ ಕೆಲಸಗಾರರು 1945-46ರ ಮುಷ್ಕರದಲ್ಲಿ ಅದನ್ನು ಹಾಡಿದರು. ಅವರಿಂದ ಜಿಲ್ಫಿಯಾ ಹಾರ್ಟನ್ ಕಲಿತರು, ಅವರಿಂದ ಸೀಗರ್ ಕಲಿತರು. 'ವಿಲ್' ಇದ್ದ ಕಡೆ 'ಶಲ್' ಬಂತು, ಸೀಗರ್ ಚರಣ ಸೇರಿಸಿದರು. ದಕ್ಷಿಣದ ವಿದ್ಯಾರ್ಥಿಗಳಿಗೆ ಹಬ್ಬಿಸಿದವರು ಗಾಯಕ ಗೈ ಕ್ಯಾರವಾನ್. ಹಾಡಿನ ಹಣ ದಕ್ಷಿಣದ ಕಪ್ಪು ಸಮುದಾಯಗಳ ಕೆಲಸಕ್ಕೆ ಹೋಗುವ ಹಾಗೆ ಒಂದು ನಿಧಿ ಮಾಡಿದರು. ನಮಗೆ ಅದನ್ನು ಹಿಂದಿಯಲ್ಲಿ ಕೊಟ್ಟವರು ಕವಿ ಗಿರಿಜಾ ಕುಮಾರ್ ಮಾಥುರ್.

1963ರ ಆಗಸ್ಟ್‌ನಲ್ಲಿ ಸೀಗರ್ ತಮ್ಮ ಹೆಂಡತಿ ತೋಶಿ ಮತ್ತು ಮಕ್ಕಳ ಜೊತೆ ಲೋಕ ಸುತ್ತಲು ಹೊರಟರು. ಭಾರತಕ್ಕೂ ಬಂದರು. ಆ ಪ್ರವಾಸದ ರೆಕಾರ್ಡಿಂಗ್‌ಗಳು 1965ರಲ್ಲಿ 'ಸ್ಟ್ರೇಂಜರ್ಸ್ ಅಂಡ್ ಕಸಿನ್ಸ್' ಆಲ್ಬಮ್ಮಿನಲ್ಲಿ ಬಂದವು. ಅದು ನನಗೆ ಸ್ವಲ್ಪ ಚದುರಿದ ಹಾಗೆ ಅನಿಸುತ್ತದೆ. ಒಂದೇ ಸಭೆ ಬೆಳೆಯೋದನ್ನು ಕೇಳುವ ಸುಖ ಅಲ್ಲಿ ಸಿಗುವುದಿಲ್ಲ. ಅದೇ ಕಾಲದ ಪಿಟ್ಸ್‌ಬರ್ಗ್ ಕಛೇರಿ, 'ಲೈವ್ ಇನ್ 65', 2009ರಲ್ಲಿ ಬಂತು. ಅದನ್ನು ಬಿಡಬೇಡಿ.

1975ರಲ್ಲಿ ಬಂದ 'ಟುಗೆದರ್ ಇನ್ ಕನ್ಸರ್ಟ್' ಇನ್ನೊಂದು ಬಗೆಯದು. ಜೊತೆಯಲ್ಲಿ ಆರ್ಲೊ ಗತ್ರಿ, ಸೀಗರ್ ಅವರ ಹಳೆಯ ಸಂಗಾತಿ ವುಡಿ ಗತ್ರಿಯ ಮಗ. ವುಡಿ 1967ರಲ್ಲಿ ತೀರಿಕೊಂಡಿದ್ದರು. ಗೆಳೆಯನ ಮಗನ ಜೊತೆ ಹಾಡುವಾಗ ಸೀಗರ್ ದನಿಯಲ್ಲಿ ಒಂದು ಬೆಚ್ಚನೆ ಇದೆ. ಈ ಆಲ್ಬಮ್ಮಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿಲಿ ದೇಶದ ಗಾಯಕ ವಿಕ್ಟರ್ ಹಾರಾ ಅವರ ಕೊನೆಯ ಕವಿತೆ. 1973ರ ಸೆಪ್ಟೆಂಬರ್‌ನಲ್ಲಿ ಸೈನಿಕರು ಸಾವಿರಾರು ಜನರನ್ನು ಒಂದು ಸ್ಟೇಡಿಯಂನಲ್ಲಿ ಕೂಡಿಹಾಕಿದ್ದರು. ಅಲ್ಲಿ ಕೂತು ಹಾರಾ ಬರೆದದ್ದು, ಅಲ್ಲಿಂದ ಅವರು ಜೀವಂತ ಬರಲಿಲ್ಲ. ಸೀಗರ್ ಅದನ್ನು ಹೇಳುವಾಗ ಯಾರನ್ನೂ ಜೊತೆಗೆ ಕರೆಯುವುದಿಲ್ಲ. ಎಲ್ಲರೂ ಹಾಡುವ ಕಡೆ ಎಲ್ಲರೂ ಸುಮ್ಮನಿರುವ ಜಾಗವೂ ಇರಬೇಕು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನನಗೆ ಎಲ್ಲಕ್ಕಿಂತ ಹತ್ತಿರವಾದ ರೆಕಾರ್ಡು. 1980ರ ಜನವರಿ, ಹಾರ್ವರ್ಡ್‌ನ ಸ್ಯಾಂಡರ್ಸ್ ಥಿಯೇಟರ್. ಓದು ಬಿಟ್ಟು ಹೊರಟ ಕಾಲೇಜಿಗೆ 60 ವರ್ಷದ ಮನುಷ್ಯ ವಾಪಸ್ ಬಂದಿದ್ದಾರೆ. ಆಲ್ಬಮ್ಮಿನ ಹೆಸರೇ 'ಸಿಂಗಲಾಂಗ್'. ಕೂಡಿ ಹಾಡೋದು. ಫೋಕ್‌ವೇಸ್ ಎರಡು ಎಲ್.ಪಿ.ಗಳಲ್ಲಿ ತಂದಿತು. ಇದು ಯಾವುದೋ ಒಂದು ರಾತ್ರಿ ಯಾರೋ ಟೇಪ್ ಮಾಡಿದ್ದಲ್ಲ. ಸಭೆಯನ್ನು ಹಾಡಿಸುವುದು ಹೇಗೆ ಅಂತ ಮುಂದಿನವರಿಗೆ ಉಳಿಸಬೇಕು ಅಂತಲೇ ಮಾಡಿದ ದಾಖಲೆ. ಹಾಗಾಗಿ ಸಭಿಕರ ದನಿ ಹಿಂದೆ ಎಲ್ಲೋ ಮಸುಕಾಗಿಲ್ಲ. ತುಂಬಿಕೊಂಡು ಕೇಳುತ್ತದೆ. ಕೆಳದನಿ, ಮೇಲ್ದನಿ ಬೇರೆ ಬೇರೆ ಕೇಳುತ್ತದೆ. ಸೀಗರ್ ದನಿ ಎಷ್ಟೋ ಕಡೆ ಸುಮ್ನೆ ದಾರಿ ತೋರಿಸುವಷ್ಟು ಮಾತ್ರ.

ಇದನ್ನು ಒಪ್ಪದವರೂ ಇದ್ದಾರೆ. ನನ್ನ ಗೆಳೆಯರೊಬ್ಬರು ಹೇಳುತ್ತಾರೆ, ಮನೆಯಲ್ಲಿ ಕೂತು ಕೇಳೋಕೆ ಗಾಯಕ ಬೇಕು, ಜನರ ಗದ್ದಲ ಯಾಕೆ ಅಂತ. ಅವರ ಮಾತಿನಲ್ಲಿ ಹುರುಳಿದೆ. ಕೂಡಿ ಹಾಡೋದರ ಸುಖ ಕೂಡಿ ಹಾಡಿದವರಿಗೇ ಹೆಚ್ಚು. ಆದರೆ ಈ ರೆಕಾರ್ಡನ್ನು ಅಡುಗೆ ಮಾಡುತ್ತಾ ಕೇಳಿ, ಮಕ್ಕಳ ಜೊತೆ ಕಾರಿನಲ್ಲಿ ಕೇಳಿ. ಎರಡನೇ ಚರಣಕ್ಕೆ ನೀವೇ ಬಾಯಿ ಬಿಡುತ್ತೀರಿ.

ಆಮೇಲಿನ ವರ್ಷಗಳಲ್ಲಿ ಗಂಟಲು ಸೋತಿತು. ಉದ್ದನೆಯ ಸ್ವರ ಹಿಡಿಯಲು ಆಗುತ್ತಿರಲಿಲ್ಲ, ನಡುಗುತ್ತಿತ್ತು. ಬೇರೆ ಗಾಯಕರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ಅರ್ಧ ಶತಮಾನ ಸಭೆಗೆ ಹಾಡು ಕಲಿಸಿದ್ದರಲ್ಲ, ಈಗ ಸಭೆ ಇವರಿಗೋಸ್ಕರ ಹಾಡಿತು. 1996ರ 'ಪೀಟ್' ಆಲ್ಬಮ್ಮಿನಲ್ಲಿ ದೊಡ್ಡ ಗಾಯಕವೃಂದಗಳು ಇವರ ಸುತ್ತ ನಿಂತು ಹಾಡಿದವು. ಅದಕ್ಕೆ ಗ್ರ್ಯಾಮಿ ಬಂತು. 2009ರ ಜನವರಿ 18ರಂದು ವಾಷಿಂಗ್ಟನ್‌ನ ಲಿಂಕನ್ ಸ್ಮಾರಕದ ಮುಂದೆ 89 ವರ್ಷದ ಸೀಗರ್ ನಿಂತಿದ್ದರು. ಪಕ್ಕದಲ್ಲಿ ಮೊಮ್ಮಗ ಮತ್ತು ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಮುಂದೆ ಲಕ್ಷಾಂತರ ಜನ. ವುಡಿ ಗತ್ರಿಯ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಹಾಡು. ಜನ ಸಾಮಾನ್ಯವಾಗಿ ಹಾಡದೆ ಬಿಡುವ ಚರಣಗಳನ್ನೂ ಅವತ್ತು ಬಿಡಲಿಲ್ಲ. ಬೋಡಿನ್ ಕಾಲೇಜಿನ ಹುಡುಗರಿಗೆ ಹೇಳಿಕೊಟ್ಟ ಹಾಗೆಯೇ ಒಂದೊಂದು ಸಾಲನ್ನೂ ಮುಂಚೆ ಹೇಳಿ, ಆಮೇಲೆ ಜನಕ್ಕೆ ಬಿಟ್ಟರು. ತೀರಿಕೊಂಡಿದ್ದು 2014ರ ಜನವರಿ 27, 94ನೇ ವಯಸ್ಸಿನಲ್ಲಿ.

ಈಗ 1980ರ ರೆಕಾರ್ಡಿನಿಂದ 'ಇಫ್ ಐ ಹ್ಯಾಡ್ ಎ ಹ್ಯಾಮರ್' ಹಾಕಿಸುತ್ತೇನೆ. ಇದರ ಧಾಟಿಯನ್ನು ಬೇರೆ ತಂಡಗಳು ಸ್ವಲ್ಪ ಬದಲಾಯಿಸಿ ಹಾಡಿ ಹೆಸರಾದವು. ಸೀಗರ್ ಬೇಜಾರು ಮಾಡಿಕೊಳ್ಳಲಿಲ್ಲ. ನಿಮಗೆ ಬರುವ ಧಾಟಿಯಲ್ಲೇ ಹಾಡಿ, ಎಲ್ಲವೂ ಒಂದಕ್ಕೊಂದು ಹೊಂದುತ್ತವೆ ಅಂತ ಸಭೆಗಳಿಗೆ ಹೇಳುತ್ತಿದ್ದರು. ನೀವೂ ಹಾಗೇ ಮಾಡಿ. ಮೊದಲ ಚರಣ ಸುಮ್ಮನೆ ಕೇಳಿ, ಅವರ ಹಿಂದಿನ ದನಿಗಳಿಗೆ ಕಿವಿ ಕೊಡಿ. ಎರಡನೆಯದರಿಂದ ನಾವೂ ಸೇರಿಕೊಳ್ಳೋಣ. ಮಾತು ಗೊತ್ತಿಲ್ಲದವರು ಯೋಚನೆ ಮಾಡಬೇಡಿ, ಸಾಲು ಬರುವ ಮುಂಚೆ ನಾನು ಹೇಳುತ್ತೇನೆ. ಧ್ವನಿ ನೋಡಿಕೊಳ್ಳುತ್ತಿರುವ ತಮ್ಮಾ, ಹಾಕಪ್ಪ.