ಪಕ್ಷ ಒಂದು, ಅಭಿಪ್ರಾಯ ಹಲವು

ಕೇಳುಗರಿಗೆ ನಮಸ್ಕಾರ.

1957ರ ಡಿಸೆಂಬರ್ ತಿಂಗಳು. ಲೋಕಸಭೆಯಲ್ಲಿ ಒಬ್ಬ ಸದಸ್ಯರು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಅವರು ವಿರೋಧ ಪಕ್ಷದವರಲ್ಲ. ರಾಯ್‌ಬರೇಲಿಯ ಕಾಂಗ್ರೆಸ್ ಸಂಸದ ಫಿರೋಜ್ ಗಾಂಧಿ. ಪ್ರಧಾನಿ ನೆಹರೂ ಅವರ ಸ್ವಂತ ಅಳಿಯ.

ಅವರು ಎತ್ತಿದ್ದು ಎಲ್‌ಐಸಿ ದುಡ್ಡಿನ ಪ್ರಶ್ನೆ. ಖಾಸಗಿ ವಿಮಾ ಕಂಪನಿಗಳನ್ನೆಲ್ಲ ಸೇರಿಸಿ ಸರ್ಕಾರ ಎಲ್‌ಐಸಿ ಕಟ್ಟಿ ಒಂದು ವರ್ಷ ಆಗಿತ್ತು ಅಷ್ಟೆ. ಅಷ್ಟರಲ್ಲೇ ಅದು ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳ ಷೇರುಗಳಿಗೆ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಹಾಕಿತ್ತು. ಮುಂಧ್ರಾ ಆಗಲೇ ಕಷ್ಟದಲ್ಲಿದ್ದ ಮನುಷ್ಯ. ಜನ ಹೊಟ್ಟೆ ಬಟ್ಟೆ ಕಟ್ಟಿ ತುಂಬಿದ ಪ್ರೀಮಿಯಂ ಹಣವನ್ನು ಅಂಥವನ ಕೈಗೆ ಕೊಡಲು ಹೇಳಿದ್ದು ಯಾರು? ಫಿರೋಜ್ ಪಟ್ಟು ಬಿಡಲಿಲ್ಲ. ಕೊನೆಗೆ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ನೇಮಕವಾಯಿತು. ಮುಂಬಯಿಯಲ್ಲಿ ವಿಚಾರಣೆ ಬಹಿರಂಗವಾಗಿಯೇ ನಡೆಯಿತು. ಕೇಳಲು ಬಂದ ಜನ ಒಳಗೆ ಹಿಡಿಸದೆ ಹೊರಗಡೆ ಧ್ವನಿವರ್ಧಕ ಹಾಕಬೇಕಾಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಫಿರೋಜ್ ಗಾಂಧಿ ಏನಾದರು? ಪಕ್ಷ ಅವರನ್ನು ಹೊರಗೆ ಹಾಕಲಿಲ್ಲ. ಅವರೂ ಬಿಟ್ಟು ಹೋಗಲಿಲ್ಲ. 1960ರಲ್ಲಿ ತೀರಿಕೊಳ್ಳುವವರೆಗೂ ಅದೇ ಪಕ್ಷದ ಸಂಸದರಾಗಿದ್ದರು. ಸರ್ಕಾರವೂ ಬೀಳಲಿಲ್ಲ.

ಪಕ್ಷ ಅಂದಮೇಲೆ ಒಗ್ಗಟ್ಟು ಬೇಕೇ ಬೇಕು. ಎತ್ತು ಏರಿಗೆ, ಕೋಣ ನೀರಿಗೆ ಅಂತ ಎಳೆದರೆ ಸರ್ಕಾರ ನಡೆಯುವುದಿಲ್ಲ. ಮತ ಹಾಕಿದ ಜನರಿಗೂ ಮೋಸ. ಆದರೆ ಒಳಗಿನ ಜಗಳವನ್ನು ಒಳಗೇ ಬಗೆಹರಿಸುವ ದಾರಿ ಇರುವ ಪಕ್ಷದಲ್ಲಿ ಮಾತ್ರ ಆ ಒಗ್ಗಟ್ಟು ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ. ದಾರಿ ಮುಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ.

1969ರ ಜುಲೈ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಅಧಿವೇಶನ. ಅಧ್ಯಕ್ಷರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಬ್ಯಾಂಕ್ ರಾಷ್ಟ್ರೀಕರಣದ ಬಗ್ಗೆ ಒಂದು ಟಿಪ್ಪಣಿ ಕಳಿಸಿದ್ದರು. ಹಣಕಾಸು ನೋಡಿಕೊಳ್ಳುತ್ತಿದ್ದ ಮೊರಾರ್ಜಿ ದೇಸಾಯಿ ಅವರಿಗೆ ಅದು ಒಪ್ಪಿಗೆ ಇರಲಿಲ್ಲ. ಆ ಮಾತಿನ ಮೇಲೆ ಹೇಗೋ ಒಂದು ರಾಜಿ ಆಯಿತು. ರಾಷ್ಟ್ರಪತಿ ಅಭ್ಯರ್ಥಿ ಯಾರು ಎನ್ನುವುದರ ಮೇಲೆ ಮಾತ್ರ ಆಗಲಿಲ್ಲ. ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿತು. ಪ್ರಧಾನಿಗೆ ಅವರು ಬೇಡವಾಗಿತ್ತು.

ಮುಂದಿನದು ದಿನಗಳ ಲೆಕ್ಕದಲ್ಲಿ ನಡೆದುಹೋಯಿತು. ಜುಲೈ 16ಕ್ಕೆ ಮೊರಾರ್ಜಿ ಅವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ಕ್ಕೆ 14 ಬ್ಯಾಂಕ್‌ಗಳು ಸರ್ಕಾರದ ವಶವಾದವು. ಆಗಸ್ಟ್‌ನಲ್ಲಿ 'ಆತ್ಮಸಾಕ್ಷಿಯಂತೆ ಮತ ಹಾಕಿ' ಎಂಬ ಕೂಗು ಎದ್ದಿತು. ಪಕ್ಷದ ಅಧಿಕೃತ ಅಭ್ಯರ್ಥಿ ಸೋತು, ಇಂದಿರಾ ಬೆಂಬಲಿಸಿದ ವಿ. ವಿ. ಗಿರಿ ಗೆದ್ದರು. ನವೆಂಬರ್‌ನಲ್ಲಿ ನಿಜಲಿಂಗಪ್ಪನವರ ಪಕ್ಷ ದೇಶದ ಪ್ರಧಾನಿಯನ್ನೇ ಉಚ್ಚಾಟಿಸಿತು. ಕಾಂಗ್ರೆಸ್ ಎರಡು ಹೋಳಾಯಿತು.

ಯಾರು ಸರಿ, ಯಾರು ತಪ್ಪು ಎಂಬ ವಾದ ಇವತ್ತಿಗೂ ಮುಗಿದಿಲ್ಲ. ನನಗೆ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. 1971ರಲ್ಲಿ ಇಂದಿರಾ ಅವರ ಕಾಂಗ್ರೆಸ್ 352 ಸ್ಥಾನ ಗೆದ್ದಿತು. ಅಷ್ಟು ದೊಡ್ಡ ಗೆಲುವು ಬಂದಮೇಲೆ ಒಳಗಿನ ಚುನಾವಣೆಗಳು ನಿಂತೇ ಹೋದವು. ಎರಡು ದಶಕ ಬಿಟ್ಟು, 1992ರಲ್ಲಿ ಪಿ. ವಿ. ನರಸಿಂಹರಾಯರು ತಿರುಪತಿ ಅಧಿವೇಶನದಲ್ಲಿ ಕಾರ್ಯಸಮಿತಿಗೆ ಚುನಾವಣೆ ಮಾಡಿಸಿದರು. ಗೆದ್ದವರಲ್ಲಿ ಅರ್ಜುನ್ ಸಿಂಗ್, ಶರದ್ ಪವಾರ್ ಅವರಂಥ ಘಟಾನುಘಟಿಗಳಿದ್ದರು. ಮಹಿಳೆಯರು, ದಲಿತರು ಆಯ್ಕೆಯಾಗಿಲ್ಲ ಎಂಬ ಕಾರಣ ಮುಂದೆ ಬಂತು. ಗೆದ್ದವರೆಲ್ಲ ರಾಜೀನಾಮೆ ಕೊಟ್ಟರು. ಮತ್ತೆ ನಾಮನಿರ್ದೇಶನವೇ ಗತಿಯಾಯಿತು. ಕಾರಣ ಸುಮ್ನೆ ತಳ್ಳಿಹಾಕುವಂಥದ್ದಲ್ಲ, ನಿಜ. ಆದರೂ ಇಪ್ಪತ್ತು ವರ್ಷಕ್ಕೆ ತೆರೆದ ಬಾಗಿಲು ತೆರೆದಷ್ಟೇ ಬೇಗ ಮುಚ್ಚಿಕೊಂಡದ್ದು ಬೇಸರದ ವಿಷಯ.

ಎಡಪಕ್ಷಗಳದ್ದು ಬೇರೆ ಪದ್ಧತಿ. ಒಳಗೆ ಎಷ್ಟು ಬೇಕಾದರೂ ವಾದ ಮಾಡಿ, ತೀರ್ಮಾನ ಆದಮೇಲೆ ಎಲ್ಲರದ್ದೂ ಒಂದೇ ಮಾತು. 1996ರಲ್ಲಿ ಜ್ಯೋತಿ ಬಸು ಅವರಿಗೆ ಪ್ರಧಾನಿ ಪಟ್ಟ ಬಾಗಿಲಿಗೇ ಬಂದಿತ್ತು. ಸಿಪಿಎಂ ಕೇಂದ್ರ ಸಮಿತಿ ಬಹುಮತದಿಂದ ಬೇಡ ಅಂದಿತು. ಬಸು ತಲೆಬಾಗಿದರು. ಆಮೇಲೆ ಅದೊಂದು ಐತಿಹಾಸಿಕ ಪ್ರಮಾದ ಎಂದು ಬಹಿರಂಗವಾಗಿಯೇ ಹೇಳಿದರು. ಪಕ್ಷ ಅವರನ್ನು ಕಳೆದುಕೊಳ್ಳಲಿಲ್ಲ. ಅದೇ ಪಕ್ಷ 2008ರಲ್ಲಿ ಲೋಕಸಭೆಯ ಸಭಾಧ್ಯಕ್ಷ ಸೋಮನಾಥ ಚಟರ್ಜಿ ಅವರನ್ನು ಉಚ್ಚಾಟಿಸಿತು. ಆ ಸ್ಥಾನ ಬಿಡಲು ಅವರು ಒಪ್ಪಲಿಲ್ಲ ಎನ್ನುವುದೇ ಕಾರಣ. ಸಭಾಧ್ಯಕ್ಷರ ಕುರ್ಚಿ ಪಕ್ಷದ ಆಸ್ತಿಯಲ್ಲ. ಅಲ್ಲಿ ಶಿಸ್ತು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಈಗ ಕಾನೂನಿನ ವಿಚಾರಕ್ಕೆ ಬರೋಣ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಕೆಲವೇ ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿದರು. ಅಲ್ಲಿಂದಲೇ 'ಆಯಾ ರಾಮ್, ಗಯಾ ರಾಮ್' ಎಂಬ ಮಾತು ಹುಟ್ಟಿತು. ಈ ರೋಗಕ್ಕೆ ಮದ್ದು ಅಂತ 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ, ಅಂದರೆ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುತ್ತದೆ. ಅಷ್ಟೇ ಅಲ್ಲ, ವಿಪ್‌ಗೆ, ಅಂದರೆ ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಆದೇಶಕ್ಕೆ ವಿರುದ್ಧವಾಗಿ ಮತ ಹಾಕಿ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೂ ಹೋಗಬಹುದು. ಅದು ವಿಶ್ವಾಸಮತವೇ ಆಗಲಿ, ಸಣ್ಣ ಮಸೂದೆಯೇ ಆಗಲಿ, ವ್ಯತ್ಯಾಸವಿಲ್ಲ.

ಬ್ರಿಟನ್ನಿನಲ್ಲೂ ವಿಪ್ ಇದೆ. ವಿಪ್ ಪತ್ರದಲ್ಲಿ ವಿಷಯದ ಕೆಳಗೆ ಮೂರು ಗೆರೆ ಎಳೆದಿದ್ದರೆ ಬರಲೇಬೇಕು, ಪಕ್ಷ ಹೇಳಿದಂತೆ ಮತ ಹಾಕಲೇಬೇಕು. ಆದರೂ 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ಪ್ರಶ್ನೆ ಬಂದಾಗ ಲೇಬರ್ ಪಕ್ಷದ 139 ಸಂಸದರು ತಮ್ಮದೇ ಪ್ರಧಾನಿ ಟೋನಿ ಬ್ಲೇರ್ ಮಾತು ಮೀರಿ ಮತ ಹಾಕಿದರು. ರಾಬಿನ್ ಕುಕ್ ಮಂತ್ರಿ ಪದವಿಯನ್ನೇ ಬಿಟ್ಟರು. ಅವರು ಹೋಗಿ ಕೂತದ್ದು ತಮ್ಮದೇ ಪಕ್ಷದ ಹಿಂದಿನ ಸಾಲಿನಲ್ಲಿ. ಕೊನೆಯವರೆಗೂ ಲೇಬರ್ ಸಂಸದರಾಗಿಯೇ ಉಳಿದರು. ಅಲ್ಲಿ ವಿಪ್ ಮೀರಿದರೆ ಪಕ್ಷ ಮುನಿಸಿಕೊಳ್ಳಬಹುದು, ಹೊರಗೂ ಹಾಕಬಹುದು. ಜನ ಕೊಟ್ಟ ಸ್ಥಾನವನ್ನು ಮಾತ್ರ ಕಿತ್ತುಕೊಳ್ಳಲಾಗದು.

ನಮ್ಮ ಕಾಯ್ದೆ ಪಕ್ಷಾಂತರವನ್ನಾದರೂ ನಿಲ್ಲಿಸಿತೇ? 2019ರಲ್ಲಿ ನಮ್ಮ ರಾಜ್ಯದಲ್ಲೇ ನೋಡಿದೆವಲ್ವಾ? 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಚುನಾವಣೆಗೆ ನಿಲ್ಲಲು ಮಾತ್ರ ಅಡ್ಡಿಯಿಲ್ಲ ಎಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅನರ್ಹರಾದವರಲ್ಲಿ 13 ಜನ ಹೊಸ ಪಕ್ಷದ ಬಿ ಫಾರಂ ಹಿಡಿದು ನಿಂತರು, 11 ಜನ ಗೆದ್ದು ಬಂದರು. ಹೋಗಬೇಕು ಅಂದುಕೊಂಡವರಿಗೆ ದಾರಿ ಸಿಕ್ಕಿತು. ಪಕ್ಷದಲ್ಲೇ ಇದ್ದು 'ಈ ಮಸೂದೆ ಸರಿಯಿಲ್ಲ' ಎಂದು ಕೈ ಎತ್ತುವ ಪ್ರಾಮಾಣಿಕನ ಬಾಯಿಗೆ ಮಾತ್ರ ಬೀಗ ಬಿತ್ತು. ನನಗೆ ಜಾಸ್ತಿ ನೋವು ಕೊಡುವುದು ಇದು.

ಒಳಗೇ ಬಗೆಹರಿಸಿಕೊಂಡ ಉದಾಹರಣೆಯೂ ನಮ್ಮಲ್ಲಿದೆ. 2011ರ ಆಗಸ್ಟ್‌ನಲ್ಲಿ ಯಡಿಯೂರಪ್ಪನವರ ರಾಜೀನಾಮೆಯ ನಂತರ ಬಿಜೆಪಿ ಶಾಸಕರು ಗುಪ್ತ ಮತದಾನ ಮಾಡಿ ನಾಯಕರನ್ನು ಆರಿಸಿದರು. ಡಿ. ವಿ. ಸದಾನಂದಗೌಡರು ಗೆದ್ದರು, ಜಗದೀಶ ಶೆಟ್ಟರ್ ಸೋತರು. ಸೋತವರು ಆಗ ಪಕ್ಷ ಬಿಡಲಿಲ್ಲ. ಒಂದು ವರ್ಷದೊಳಗೆ ಅವರೇ ಮುಖ್ಯಮಂತ್ರಿಯಾದರು. ಒಳಗೆ ಬಣಗಳ ತಿಕ್ಕಾಟ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಬೇಕಾದಷ್ಟಿತ್ತು. ಆದರೆ ತಲೆ ಎಣಿಸಿ ತೀರ್ಮಾನ ಮಾಡಿದರು. ಶಾಸಕಾಂಗ ಪಕ್ಷದ ಸಭೆ ಸೇರಿ, 'ಹೈಕಮಾಂಡ್ ತೀರ್ಮಾನಕ್ಕೆ ಬದ್ಧ' ಎಂಬ ಒಂದು ಸಾಲಿನ ನಿರ್ಣಯ ಮಾಡಿ ಎದ್ದು ಬರುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ಮಾತು. ಎಷ್ಟೋ ವಿಷಯಗಳಲ್ಲಿ ಅಭಿಪ್ರಾಯ ಪಕ್ಷದ ಬಾವುಟ ನೋಡಿ ಹುಟ್ಟುವುದಿಲ್ಲ. ಪಶ್ಚಿಮ ಘಟ್ಟಗಳ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಸುದ್ದಿ ಬಂದರೆ ಸಾಕು, ಮಲೆನಾಡಿನ ಶಾಸಕರು ಯಾವ ಪಕ್ಷದವರಾದರೂ ಜನರ ಆತಂಕವನ್ನೇ ಎತ್ತುತ್ತಾರೆ. ಅದೇ ಪಕ್ಷದ ಬಯಲುಸೀಮೆಯ ಶಾಸಕರಿಗೆ ಅದು ಅಷ್ಟು ತಟ್ಟುವುದಿಲ್ಲ. ಇಂಥ ಕಡೆ ಒಂದೇ ವಿಪ್ ಕೊಟ್ಟು ಎಲ್ಲರ ಕೈಯನ್ನೂ ಒಂದೇ ಕಡೆ ಎತ್ತಿಸಿದರೆ, ಆ ಊರಿನ ಜನ ಪ್ರತಿನಿಧಿಯನ್ನು ಕಳಿಸಿದ್ದಾದರೂ ಯಾಕೆ?

ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು: ವಿಪ್ ಮೀರಿದ್ದಕ್ಕೆ ಸದಸ್ಯತ್ವ ಕಳೆಯುವುದು ವಿಶ್ವಾಸ, ಅವಿಶ್ವಾಸ ಮತಗಳಂಥ ಸಂದರ್ಭಕ್ಕಷ್ಟೇ ಸಾಕು ಎಂದು. 1992ರ ಕಿಹೋಟೊ ಹೊಲ್ಲೋಹನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದರೂ, ಇಂಥ ವಿಪ್‌ಗೆ ಮಿತಿ ಇರಬೇಕು ಎಂದಿತು. 1999ರಲ್ಲಿ ಕಾನೂನು ಆಯೋಗವೂ ಅದೇ ದಾರಿ ತೋರಿಸಿತು. 2003ರಲ್ಲಿ ಕಾಯ್ದೆಗೆ ಮತ್ತೆ ತಿದ್ದುಪಡಿ ಆಯಿತು. ಮೂರನೇ ಒಂದು ಭಾಗ ಶಾಸಕರು ಒಡೆದು ಹೋಗಲು ಇದ್ದ ವಿನಾಯಿತಿಯನ್ನು ತೆಗೆದರು. ವಿಪ್ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಸರ್ಕಾರದ ಅಳಿವು ಉಳಿವಿನ ಮತಕ್ಕೆ ವಿಪ್ ಇರಲಿ, ಬಜೆಟ್‌ಗೂ ಇರಲಿ. ಉಳಿದ ಮಸೂದೆಗಳಿಗೆ ಸದಸ್ಯರು ತಮ್ಮ ಕ್ಷೇತ್ರವನ್ನು ನೋಡಿ, ಮಸೂದೆಯನ್ನು ಓದಿ ಮತ ಹಾಕಲಿ. ಇದಕ್ಕೆ ಪಕ್ಷಾಂತರ ನಿಷೇಧದ ನಿಯಮಗಳಿರುವ ಸಂವಿಧಾನದ ಹತ್ತನೇ ಅನುಸೂಚಿಯ ಒಂದು ಖಂಡವನ್ನು ತಿದ್ದಿದರೆ ಸಾಕು. ಅದನ್ನು ತಿದ್ದಬೇಕಾದವರು ನಾವು ಆರಿಸಿ ಕಳಿಸಿದ ಸಂಸದರೇ. ಮತ ಕೇಳಲು ಬಂದಾಗ ಅವರಿಗೆ ಈ ಪ್ರಶ್ನೆ ಹಾಕಿ.

ನಮಸ್ಕಾರ.